ರೆಟಿನಾ ಸ್ಕ್ಯಾನ್‌ಗಳನ್ನ ಹೋಲಿಸಿ ಕಣ್ಣಿನ ಕಾಯಿಲೆ ಮೇಲೆ ನಿಗಾ ಇಡೋದು ಹೇಗೆ

ಸ್ಕ್ಯಾನ್ ಮುಗಿದು ಗದ್ದ ಎತ್ತಿದ ತಕ್ಷಣ ಎಲ್ರೂ ಕೇಳೋದು ಒಂದೇ, "ಎಲ್ಲಾ ಸರಿ ಇದ್ಯಾ?" ಅಂತ. ನಾನು ಡಾಕ್ಟರ್ ಅಲ್ಲ, ಮೆಷಿನ್ ಹಿಂದೆ ಕೂತು ಚಿತ್ರ ತೆಗೆಯೋನು, ಅದಕ್ಕೆ ಉತ್ತರ ಹೇಳೋದು ನನ್ ಕೆಲಸ ಅಲ್ಲ. ಆದ್ರೆ ಎಷ್ಟೋ ಸಲ ಡಾಕ್ಟರ್‌ಗೂ ಆ ಒಂದು ಚಿತ್ರ ನೋಡಿ ಪೂರ್ತಿ ಹೇಳಕ್ಕಾಗಲ್ಲ. ಹಿಂದಿನ ಸ್ಕ್ಯಾನ್ ಎಲ್ಲಿ ಅಂತ ಅವ್ರು ಕೇಳ್ತಾರೆ, ಬಂದೋರು ಮನೇಲಿದೆ ಅಂತಾರೆ, ಇಲ್ಲಾ ಎಲ್ಲೋ ಹೋಯ್ತು ಅಂತಾರೆ, ಅಲ್ಲಿಗೆ ಮುಗೀತು. ಶುಗರ್‌ನಿಂದ ಬರೋ ರೆಟಿನಾ (ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯೋ ಪದರ) ತೊಂದರೆ, ಗ್ಲಾಕೋಮಾ (ಕಣ್ಣಿನ ನರ ಹಾಳಾಗೋ ಕಾಯಿಲೆ), ವಯಸ್ಸಾದ್ಮೇಲೆ ಬರೋ ಮ್ಯಾಕ್ಯುಲಾ (ರೆಟಿನಾದ ನಡುಭಾಗ) ಸಮಸ್ಯೆ, ಇವೆಲ್ಲಾ ವರ್ಷಾನುಗಟ್ಟಲೆ ನಿಧಾನಕ್ಕೆ ನಡೆಯೋವು, ಇವುಗಳಲ್ಲಿ ಚಿತ್ರಕ್ಕೆ ಬೆಲೆ ಬರೋದೇ ಹಳೇದರ ಪಕ್ಕ ಹೊಸದನ್ನ ಇಟ್ಟು ನೋಡಿದಾಗ. ಆ ಹೋಲಿಕೆ ಸರಿಯಾಗಿ ಆಗೋಕೆ ಪೇಷಂಟ್ ಕಡೆಯಿಂದ, ಮನೆಯವರ ಕಡೆಯಿಂದ ಏನೇನು ಮಾಡ್ಬಹುದು ಅಂತ ಇಲ್ಲಿ ಬರೀತಿದೀನಿ.

ಅದಕ್ಕೂ ಮುಂಚೆ ಒಂದು ಮಾತು. ಇದ್ದಕ್ಕಿದ್ದ ಹಾಗೆ ಕಣ್ಣಲ್ಲಿ ಮಿಂಚು ಹೊಡೆದ ಹಾಗೆ ಆಗ್ತಿದ್ರೆ, ಕಪ್ಪು ಚುಕ್ಕೆಗಳು ಒಮ್ಮೆಲೇ ಜಾಸ್ತಿ ಆಗಿದ್ರೆ, ಒಂದು ಪಕ್ಕದಿಂದ ಪರದೆ ಎಳೆದಂಗೆ ಮಬ್ಬಾಗಿದ್ರೆ, ನೇರ ಗೆರೆ ಸೊಟ್ಟ ಕಾಣಕ್ಕೆ ಶುರುವಾಗಿದ್ರೆ ಈ ಲೇಖನ ಪಕ್ಕಕ್ಕಿಡಿ, ಮುಂದಿನ ಅಪಾಯಿಂಟ್‌ಮೆಂಟ್‌ಗೂ ಕಾಯ್ಬೇಡಿ, ಅವತ್ತೇ ಕಣ್ಣಿನ ಡಾಕ್ಟರ್ ಹತ್ರ ಹೋಗಿ.

1. ಯಾವ ಕಾಯಿಲೆಗೆ ಯಾವ ಚಿತ್ರ ಅಂತ ತಿಳ್ಕೊಳ್ಳಿ

"ಕಣ್ಣಿನ ಸ್ಕ್ಯಾನ್ ಆಗಿದೆ" ಅಂದ್ರೆ ಏನೂ ಹೇಳಿದ ಹಾಗಾಗಲ್ಲ, ಯಾಕಂದ್ರೆ ಒಂದೊಂದು ಮೆಷಿನ್ ಒಂದೊಂದು ತೋರ್ಸತ್ತೆ. ಫಂಡಸ್ ಫೋಟೋ ಅಂದ್ರೆ ಕಣ್ಣಿನ ಹಿಂಭಾಗದ ಬಣ್ಣದ ಫೋಟೋ. ಸಾಮಾನ್ಯ ಕ್ಯಾಮೆರಾದಲ್ಲಿ ಸುಮಾರು 45 ಡಿಗ್ರಿ ಅಗಲ ಸಿಗತ್ತೆ, ಅಲ್ಟ್ರಾ ವೈಡ್‌ಫೀಲ್ಡ್ ಆದ್ರೆ 200 ಡಿಗ್ರಿವರೆಗೂ, ಅಂದ್ರೆ ರೆಟಿನಾದ ಸುಮಾರು 80 ಪರ್ಸೆಂಟ್ ಒಂದೇ ಫ್ರೇಮ್‌ನಲ್ಲಿ ಬಂದ್ಬಿಡತ್ತೆ. ರಕ್ತದ ಚುಕ್ಕೆ, ಹಳದಿ ಕೊಬ್ಬಿನ ಕಲೆ, ಹೊಸದಾಗಿ ಹುಟ್ಟಿರೋ ರಕ್ತನಾಳ ಇದ್ರಲ್ಲಿ ಕಾಣತ್ತೆ, ಆದ್ರೆ ಮ್ಯಾಕ್ಯುಲಾ ಒಳಗೆ ನೀರು ತುಂಬಿ ಊದ್ಕೊಂಡಿದ್ಯಾ ಅನ್ನೋದು ಚಪ್ಪಟೆ ಫೋಟೋದಲ್ಲಿ ಸುಲಭಕ್ಕೆ ಗೊತ್ತಾಗಲ್ಲ.

ಅದಕ್ಕೇ ಓಸಿಟಿ. ಇದು ರೆಟಿನಾನ ಅಡ್ಡಲಾಗಿ ಕುಯ್ದು ಪದರ ಪದರವಾಗಿ ತೋರಿಸೋ ಚಿತ್ರ, ಕುಯ್ಯೋದೇನೂ ಇಲ್ಲ, ಬರೀ ಬೆಳಕಿನ ಕೆಲಸ. 1991ರಲ್ಲಿ ಸೈನ್ಸ್ ಪತ್ರಿಕೇಲಿ ಈ ತಂತ್ರದ ಬಗ್ಗೆ ಮೊದಲು ಬಂತು, ಈಗಿನ ಸ್ಪೆಕ್ಟ್ರಲ್ ಡೊಮೈನ್ ಅನ್ನೋ ಥರದ ಮೆಷಿನ್‌ಗಳು 5ರಿಂದ 7 ಮೈಕ್ರಾನ್‌ನಷ್ಟು (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ) ಸಣ್ಣ ವ್ಯತ್ಯಾಸ ಹಿಡೀತವೆ. ರೇಡಿಯೇಶನ್ ಎಷ್ಟು ಅಂತ ತುಂಬಾ ಜನ ಹೆದರಿ ಕೇಳ್ತಾರೆ, ಎಕ್ಸ್‌ರೇ ಇದ್ರಲ್ಲಿಲ್ಲ, ಕಣ್ಣಿಗೆ ಅಷ್ಟಾಗಿ ಕಾಣದ ಇನ್‌ಫ್ರಾರೆಡ್ ಬೆಳಕು ಅಷ್ಟೇ, ಎಷ್ಟು ಸಲ ತೆಗೆದ್ರೂ ಆ ಭಯ ಬೇಡ.

ಶುಗರ್ ಇರೋರಿಗೆ ಫಂಡಸ್ ಫೋಟೋ ಮುಖ್ಯ, ಮ್ಯಾಕ್ಯುಲಾ ಮೇಲೆ ಅನುಮಾನ ಬಂದ್ರೆ ಓಸಿಟಿ ಜೊತೆಗೆ. ವಯಸ್ಸಾದ್ಮೇಲೆ ಬರೋ ಮ್ಯಾಕ್ಯುಲಾ ಡೀಜನರೇಶನ್‌ಗೆ, ಅದ್ರಲ್ಲೂ ಕಣ್ಣಿಗೆ ಇಂಜೆಕ್ಷನ್ ತಗೊಳ್ತಿರೋರಿಗೆ, ಓಸಿಟಿನೇ ದಾರಿ ತೋರ್ಸೋದು. ಗ್ಲಾಕೋಮಾಗೆ ಕಣ್ಣಿನ ನರದ ಫೋಟೋ, ನರದ ನಾರಿನ ಪದರದ ಓಸಿಟಿ, ಅದ್ರ ಜೊತೆ ಫೀಲ್ಡ್ ಟೆಸ್ಟ್, ಅಂದ್ರೆ ನೇರ ನೋಡ್ತಿರುವಾಗ ಸುತ್ತಲೂ ಎಷ್ಟು ಕಾಣತ್ತೆ ಅಂತ ನೋಡೋ ಪರೀಕ್ಷೆ. ಲೂಪಸ್ ಅಥವಾ ಕೀಲುವಾತಕ್ಕೆ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ (ವರ್ಷಾನುಗಟ್ಟಲೆ ತಗೊಂಡ್ರೆ ಇದು ರೆಟಿನಾ ಕೆಡಿಸ್ಬಹುದು) ತಗೊಳ್ತಿರೋರಿಗೆ ಓಸಿಟಿ, ಫೀಲ್ಡ್ ಟೆಸ್ಟ್, ಆಟೋಫ್ಲೋರೆಸೆನ್ಸ್ ಅನ್ನೋ ಇನ್ನೊಂದು ಥರದ ಫೋಟೋ. ಈ ಕೊನೇದ್ರಲ್ಲಿ ಡೈ ಗಿಯಿ ಏನೂ ಹಾಕಲ್ಲ, ರೆಟಿನಾ ತಾನಾಗೇ ಹೊಮ್ಮಿಸೋ ಮಂದ ಬೆಳಕನ್ನ ಹಿಡಿಯೋದು, ಸತ್ತು ಹೋದ ಜಾಗ ಕಪ್ಪಗೆ ಕಾಣತ್ತೆ.

ಡೈ ಹಾಕಿ ತೆಗೆಯೋದು ಫ್ಲೋರೆಸಿನ್ ಆಂಜಿಯೋಗ್ರಫಿ. ಕೈ ರಕ್ತನಾಳಕ್ಕೆ ಕೊಡ್ತಾರೆ, ಕೆಲವ್ರಿಗೆ ಅರೆಕ್ಷಣ ವಾಕರಿಕೆ ಬರತ್ತೆ, ಚರ್ಮ ಸ್ವಲ್ಪ ಹೊತ್ತು ಹಳದಿಯಾಗತ್ತೆ, ಮೂತ್ರ ಒಂದು ದಿನ ಕಿತ್ತಳೆ ಬಣ್ಣಕ್ಕೆ ಬರತ್ತೆ, ಮೊದಲೇ ಹೇಳಿರದಿದ್ರೆ ಮನೇಲಿ ಗಾಬರಿ ಆಗೋದು ಗ್ಯಾರಂಟಿ. ತೀವ್ರ ಅಲರ್ಜಿ ಅಪರೂಪ, ಆದ್ರೂ ಹಿಂದೆ ಯಾವುದೇ ಅಲರ್ಜಿ ಆಗಿದ್ರೆ ಹೇಳ್ಬಿಡಿ. ಡೈ ಇಲ್ದೇ ರಕ್ತನಾಳ ತೋರಿಸೋ ಓಸಿಟಿ ಆಂಜಿಯೋಗ್ರಫಿ ಈಗಿದೆ, ಚೆನ್ನಾಗೂ ಇದೆ, ಆದ್ರೆ ನಾಳ ಸೋರ್ತಿದ್ಯಾ ಅನ್ನೋದು ಅದ್ರಲ್ಲಿ ಕಾಣಲ್ಲ, ಅದಕ್ಕೆ ಡೈ ಪರೀಕ್ಷೆ ಇನ್ನೂ ಉಳ್ಕೊಂಡಿದೆ.

2. ಬೇಸ್‌ಲೈನ್ ಬೇಗ ಮಾಡಿಸ್ಕೊಳ್ಳಿ

ದೃಷ್ಟಿ ಚೆನ್ನಾಗಿರುವಾಗ ತೆಗೆದ ಮೊದಲ ಚಿತ್ರವೇ ಮುಂದಿನ ಎಲ್ಲಾ ಹೋಲಿಕೆಗೂ ತಳಪಾಯ. ಟೈಪ್ 2 ಶುಗರ್ ಆದ್ರೆ ಗೊತ್ತಾದ ಸಮಯದಲ್ಲೇ ರೆಟಿನಾ ತೋರಿಸ್ಬೇಕು, ಯಾಕಂದ್ರೆ ಗೊತ್ತಾಗೋ ಹೊತ್ತಿಗೆ ಕಾಯಿಲೆ ಎಷ್ಟೋ ವರ್ಷದಿಂದ ಇದ್ದಿರತ್ತೆ. ಟೈಪ್ 1 ಆದ್ರೆ 5 ವರ್ಷದೊಳಗೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಶುರು ಮಾಡಿದ್ರೆ ಮೊದಲ ವರ್ಷದೊಳಗೆ. ಗ್ಲಾಕೋಮಾ ಅನುಮಾನ ಇದ್ರೆ ಒಂದೇ ಸ್ಕ್ಯಾನ್‌ಗೆ ಬೇಸ್‌ಲೈನ್ ಅನ್ನಕ್ಕಾಗಲ್ಲ, ಸಿರಸ್ ಅನ್ನೋ ಓಸಿಟಿ ಮೆಷಿನ್‌ನಲ್ಲಿರೋ ಪ್ರೋಗ್ರೆಶನ್ ರಿಪೋರ್ಟ್‌ಗೆ (ಕಾಯಿಲೆ ಮುಂದುವರೀತಿದ್ಯಾ ಅಂತ ಹೇಳೋದು) ಎರಡು ಒಳ್ಳೇ ಬೇಸ್‌ಲೈನ್ ಸ್ಕ್ಯಾನ್ ಬೇಕು, ಮೂರನೇದ್ರಿಂದ ಮಾತ್ರ ಅದು ಬದಲಾವಣೆ ಹೇಳಕ್ಕೆ ಶುರು ಮಾಡತ್ತೆ.

ಪೊರೆ ಆಪರೇಷನ್ ಆದ್ಮೇಲೆ ಹೊಸ ಬೇಸ್‌ಲೈನ್ ತೆಗೆಸಿ. ಪೊರೆ ಇದ್ದಾಗ ಬೆಳಕು ಸರಿಯಾಗಿ ಒಳಗೆ ಹೋಗಲ್ಲ, ಸಿಗ್ನಲ್ (ಮೆಷಿನ್‌ಗೆ ವಾಪಸ್ ಸಿಗೋ ಬೆಳಕು) ಕಮ್ಮಿ ಇರತ್ತೆ, ನರದ ಪದರ ಇರೋದಕ್ಕಿಂತ ತೆಳ್ಳಗೆ ಅಂತ ಮೆಷಿನ್ ಲೆಕ್ಕ ಹಾಕತ್ತೆ. ಆಪರೇಷನ್ ಆದ್ಮೇಲೆ ನಂಬರ್ ಏರತ್ತೆ, ನರ ವಾಪಸ್ ಬೆಳೀತು ಅಂತ ಖುಷಿ ಪಟ್ಟೋರನ್ನ ನೋಡಿದೀನಿ, ಹಾಗಾಗಲ್ಲ, ಕಿಟಕಿ ಗಾಜು ಒರೆಸಿದ್ದಾರೆ ಅಷ್ಟೇ.

3. ಹೋಗೋ ದಿನದ ತಯಾರಿ

ಪಾಪೆ ಹಿಗ್ಗಿಸೋ ಡ್ರಾಪ್ಸ್ ಹಾಕಿದ್ರೆ ಕೆಲಸ ಮಾಡಕ್ಕೆ 20ರಿಂದ 30 ನಿಮಿಷ, ಇಳಿಯಕ್ಕೆ 4ರಿಂದ 6 ಗಂಟೆ, ಕೆಲವ್ರಿಗೆ ಇನ್ನೂ ಜಾಸ್ತಿ. ಅಷ್ಟು ಹೊತ್ತು ಹತ್ತಿರದ್ದು ಓದಕ್ಕಾಗಲ್ಲ, ಬಿಸಿಲು ಚುಚ್ಚತ್ತೆ, ಗಾಡಿ ಓಡಿಸ್ಬಾರ್ದು, ಕೂಲಿಂಗ್ ಗ್ಲಾಸ್ ತಗೊಂಡು ಜೊತೆಗೊಬ್ರನ್ನ ಕರ್ಕೊಂಡು ಹೋಗಿ. ಕಣ್ಣಿನ ಕೋನ ಕಿರಿದಾಗಿದೆ ಅಂತ ಯಾವತ್ತಾದ್ರೂ ಯಾರಾದ್ರೂ ಹೇಳಿದ್ರೆ ಡ್ರಾಪ್ಸ್ ಹಾಕೋ ಮುಂಚೆನೇ ಹೇಳಿ, ಒತ್ತಡ ದಿಢೀರ್ ಏರೋ ಸಾಧ್ಯತೆ ಇರತ್ತೆ. ಕಾಂಟ್ಯಾಕ್ಟ್ ಲೆನ್ಸ್ ಇದ್ರೆ ತೆಗೆದಿಡೋ ಡಬ್ಬಿ ಮರೀಬೇಡಿ. ಹಳೇ ಫೈಲ್ ತಗೊಂಡು ಹೋಗಿ, ಮೊಬೈಲ್‌ನಲ್ಲಿ ಫೋಟೋ ಇದೆ ಅಂತ ಫೈಲ್ ಬಿಟ್ಟು ಹೋಗ್ಬೇಡಿ.

4. ಮೆಷಿನ್ ಮುಂದೆ

ಇಲ್ಲಿ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಅರ್ಧ ತಪ್ಪು ಇಲ್ಲೇ ಆಗೋದು, ಅದನ್ನ ಕಡಿಮೆ ಮಾಡೋದು ಕೂತಿರೋರ ಕೈಲೂ ಇದೆ.

ಮೊದಲನೇದು ಎತ್ತರ. ಕುರ್ಚಿ ತಗ್ಗಾಗಿದ್ರೆ ಕತ್ತು ಚಾಚಿ ಗದ್ದ ಇಡ್ತಾರೆ, ಹತ್ತು ಸೆಕೆಂಡ್‌ನಲ್ಲಿ ಕತ್ತು ನೋಯಕ್ಕೆ ಶುರುವಾಗಿ ಹಣೆ ನಿಧಾನಕ್ಕೆ ಪಟ್ಟಿಯಿಂದ ಹಿಂದೆ ಸರಿಯತ್ತೆ, ಅವ್ರಿಗೆ ಗೊತ್ತೇ ಆಗಲ್ಲ, ನನ್ ಸ್ಕ್ರೀನ್ ಮೇಲೆ ಮಾತ್ರ ಚಿತ್ರ ಮಬ್ಬಾಗ್ತಾ ಹೋಗತ್ತೆ. ಅದಕ್ಕೆ ಆರಾಮಾಗಿಲ್ಲ ಅಂದ್ರೆ ಬಾಯಿ ಬಿಟ್ಟು ಹೇಳಿ, ಟೇಬಲ್ ಏರಿಸಿ ಇಳಿಸಕ್ಕೆ ಬಟನ್ ಇರತ್ತೆ. ಗದ್ದ ಪೂರ್ತಿ ಒತ್ತಿ, ಹಣೆ ಪಟ್ಟಿಗೆ ತಾಗ್ಲಿ, ಹಲ್ಲು ಮುಚ್ಚಿರ್ಲಿ. ಮಾತಾಡಿದ್ರೆ ಇಡೀ ತಲೆ ಅಲ್ಲಾಡತ್ತೆ.

ಎರಡನೇದು ಕಣ್ಣೀರು. ಒಣಗಿದ ಕಣ್ಣಲ್ಲಿ ಬೆಳಕು ಚದುರತ್ತೆ. ಡ್ರೈ ಐ ಇರೋರು ಸ್ಕ್ಯಾನ್‌ಗೆ ಮುಂಚೆ ಲೂಬ್ರಿಕೆಂಟ್ ಡ್ರಾಪ್ಸ್ ಹಾಕ್ಲಾ ಅಂತ ಕೇಳಿ, ಸಿಗ್ನಲ್ ಎದ್ದು ಕಾಣೋ ಹಾಗೆ ಸುಧಾರಿಸತ್ತೆ. ರೆಪ್ಪೆ ಮಿಟುಕಿಸಬೇಡಿ ಅಂತ ನಾವು ಹೇಳ್ತೀವಿ, ಅದನ್ನ ಕೇಳಿದ ತಕ್ಷಣ ಎಲ್ರೂ ಕಣ್ಣು ಅಗಲಿಸಿ ಉಸಿರು ಬಿಗಿ ಹಿಡೀತಾರೆ, ಅಷ್ಟು ಹೊತ್ತಿಗೇ ಕಣ್ಣು ಒಣಗತ್ತೆ. ಸರಿಯಾದ ದಾರಿ ಅಂದ್ರೆ ಜೋಡಿಸ್ತಾ ಇರುವಾಗ ಧಾರಾಳವಾಗಿ ಮಿಟುಕಿಸ್ತಾ ಇರಿ, "ಈಗ" ಅಂದಾಗ ಒಂದ್ಸಲ ಮಿಟುಕಿಸಿ ತೆರೆದಿಡಿ.

ಮೂರನೇದು ನೋಟ. ಒಳಗೆ ಒಂದು ಗುರುತು ಕಾಣತ್ತೆ, ಕೆಲವದ್ರಲ್ಲಿ ಪ್ಲಸ್, ಕೆಲವದ್ರಲ್ಲಿ ನಕ್ಷತ್ರ. ಓಡಾಡೋ ಕೆಂಪು ಗೆರೆ ಹಿಂದೆ ಕಣ್ಣು ಹೋಗೋದು ಸಹಜ, ಹೋಗಕ್ಕೆ ಬಿಡ್ಬೇಡಿ, ಗುರುತನ್ನೇ ನೋಡಿ. ಮ್ಯಾಕ್ಯುಲಾ ಹಾಳಾಗಿರೋರಿಗೆ ಆ ಗುರುತೇ ಕಾಣ್ದೆ ಇರ್ಬಹುದು, ಸುಮ್ನೆ ಹೂಂ ಅಂದ್ಬಿಡ್ತಾರೆ, ಅದು ಬೇಡ, ಕಾಣಲ್ಲ ಅಂತ ಹೇಳಿದ್ರೆ ಇನ್ನೊಂದು ಕಣ್ಣಿಗೆ ಬೇರೆ ಗುರುತು ಕೊಟ್ಟು ನೋಟ ನಿಲ್ಲಿಸೋ ವ್ಯವಸ್ಥೆ ಮಾಡ್ಬಹುದು.

5. ಪ್ರಿಂಟ್‌ಔಟ್ ಕೈಗೆ ಬಂದಾಗ

ಮೊದಲು ಹೆಸರು, ತಾರೀಖು, ಯಾವ ಕಣ್ಣು. ಓಡಿ ಅಂದ್ರೆ ಬಲಗಣ್ಣು, ಓಎಸ್ ಅಂದ್ರೆ ಎಡಗಣ್ಣು. ಆಮೇಲೆ ಸಿಗ್ನಲ್. ಸಿರಸ್‌ನಲ್ಲಿ 10ಕ್ಕೆ ಇಷ್ಟು ಅಂತ ಇರತ್ತೆ, 6ಕ್ಕಿಂತ ಕಮ್ಮಿ ಇದ್ರೆ ಆ ರಿಪೋರ್ಟ್ ಮೇಲೆ ತೀರ್ಮಾನ ಕಟ್ಟೋದು ಬೇಡ, ಇನ್ನೊಂದ್ಸಲ ತೆಗೀಬಹುದಾ ಅಂತ ಅಲ್ಲೇ ಕೇಳಿ, ಕೇಳೋದ್ರಲ್ಲಿ ಮುಜುಗರ ಏನಿಲ್ಲ.

ಆಮೇಲೆ ಎಲ್ರ ಕಣ್ಣೂ ಹೋಗೋದು ಬಣ್ಣದ ಮೇಲೆ. ಹಸಿರು ಅಂದ್ರೆ ನಿಮ್ಮ ವಯಸ್ಸಿನ ಆರೋಗ್ಯವಂತರ ಅಳತೆ ಜೊತೆ ಹೊಂದತ್ತೆ ಅಂತ, ಹಳದಿ ಅಂದ್ರೆ ಅವರಲ್ಲಿ 5 ಪರ್ಸೆಂಟ್‌ಗಿಂತ ಕಮ್ಮಿ ಜನಕ್ಕೆ ಇರೋಷ್ಟು ತೆಳು, ಕೆಂಪು ಅಂದ್ರೆ 1 ಪರ್ಸೆಂಟ್‌ಗಿಂತ ಕಮ್ಮಿ ಜನಕ್ಕೆ. ಅಷ್ಟೇ ಅದ್ರ ಅರ್ಥ. ಕೆಂಪು ಅಂದ್ರೆ ಕಾಯಿಲೆ ಅಂತಲ್ಲ. ತುಂಬಾ ಮೈನಸ್ ಪವರ್ ಇರೋರ ಕಣ್ಣು ಉದ್ದ ಇರತ್ತೆ, ನರದ ನಾರಿನ ದಪ್ಪ ಜಾಗ ಪಕ್ಕಕ್ಕೆ ಸರಿದಿರತ್ತೆ, ಮೆಷಿನ್ ನಿರೀಕ್ಷಿಸಿದ ಜಾಗದಲ್ಲಿ ಸಿಗಲ್ಲ ಅಂತ ಕೆಂಪು ಬರೀತದೆ, ಕಣ್ಣು ಚೆನ್ನಾಗೇ ಇರತ್ತೆ. ಇದಕ್ಕೆ ನಮ್ಮ ಕಡೆ ರೆಡ್ ಡಿಸೀಸ್ ಅಂತಾರೆ, ಡಿಸೀಸ್ ಇಲ್ದೇ ಇರೋ ರೆಡ್. ಉಲ್ಟಾನೂ ಉಂಟು, ಹುಟ್ಟಿನಿಂದ ದಪ್ಪ ಪದರ ಇದ್ದೋರು ಸಾಕಷ್ಟು ಕಳ್ಕೊಂಡ್ರೂ ಹಸಿರಲ್ಲೇ ಇರ್ತಾರೆ, ನನ್ ಪ್ರಕಾರ ಇದೇ ಜಾಸ್ತಿ ಅಪಾಯ, ಹಸಿರು ನೋಡಿ ಯಾರೂ ಮುಂದಿನ ಸಲ ಬರಲ್ಲ.

6. ಹೋಲಿಸೋದು

ಮೊದಲ ನಿಯಮ, ಅದೇ ಮೆಷಿನ್. ಅದೇ ಕಂಪನಿ, ಅದೇ ಮಾಡೆಲ್, ಸಾಧ್ಯ ಆದ್ರೆ ಅದೇ ಜಾಗ. ಒಂದು ಆರೋಗ್ಯವಂತ ಕಣ್ಣಿನ ಮ್ಯಾಕ್ಯುಲಾ ನಡುಭಾಗ ಹಳೇ ಟೈಮ್ ಡೊಮೈನ್ ಓಸಿಟಿಲಿ 200 ಮೈಕ್ರಾನ್ ಆಸುಪಾಸು ಬಂದ್ರೆ, ಅದೇ ಕಣ್ಣು ಸ್ಪೆಕ್ಟ್ರಾಲಿಸ್ ಅನ್ನೋ ಈಗಿನ ಮೆಷಿನ್‌ನಲ್ಲಿ 270ರ ಹತ್ತಿರ ಬರತ್ತೆ. ಕಣ್ಣು ಊದಿಲ್ಲ, ರೆಟಿನಾದ ತಳ ಎಲ್ಲಿ ಅಂತ ಗೆರೆ ಎಳೆಯೋ ಜಾಗ ಬೇರೆ, ಒಂದು ಮೇಲಿನ ಪದರದಲ್ಲೇ ನಿಲ್ಸತ್ತೆ, ಇನ್ನೊಂದು ರೆಟಿನಾ ಅಡಿಯಲ್ಲಿರೋ ಬ್ರೂಕ್ಸ್ ಪೊರೆವರೆಗೂ ಇಳಿಯತ್ತೆ. ಇದು ಗೊತ್ತಿಲ್ದೇ ಎರಡು ಕಡೆ ರಿಪೋರ್ಟ್ ಪಕ್ಕ ಪಕ್ಕ ಇಟ್ಕೊಂಡು ನಿದ್ದೆ ಕೆಡಿಸ್ಕೊಳ್ಳೋರು ಎಷ್ಟೋ ಜನ.

ಎರಡನೇದು, ಅದೇ ಜಾಗ. ಫಾಲೋ ಅಪ್ ಮೋಡ್ ಅಂತ ಇರತ್ತೆ, ಹಿಂದಿನ ಸ್ಕ್ಯಾನ್‌ನ ರಕ್ತನಾಳದ ನಕ್ಷೆ ನೋಡಿ ಮೆಷಿನ್ ಅದೇ ಜಾಗಕ್ಕೆ ಹೋಗಿ ಗೆರೆ ಹಾಕತ್ತೆ. ಆದ್ರೆ ಅದು ನಡೀಬೇಕಂದ್ರೆ ನಿಮ್ ಹಳೇ ಎಂಟ್ರಿ ಅದೇ ಹೆಸರು, ಅದೇ ನಂಬರ್‌ನಲ್ಲಿ ಸಿಗ್ಬೇಕು. ಹೆಸರಿನ ಸ್ಪೆಲ್ಲಿಂಗ್ ಒಂದಕ್ಷರ ಬದಲಾಗಿ ಹೊಸ ಪೇಷಂಟ್ ಆಗಿ ಸೇರ್ಕೊಂಡ್ರೆ ಹಳೇದು ಒಳಗೇ ಇದ್ರೂ ಇಲ್ಲದ ಹಾಗೇನೇ. ಪ್ರತಿ ಸಲ ಹಳೇ ಐಡಿ ಹೇಳಿ.

ಮೂರನೇದು, ಸಣ್ಣ ಏರುಪೇರಿಗೆ ತಲೆ ಕೆಡಿಸ್ಕೋಬೇಡಿ. ಒಂದೇ ದಿನ ಎರಡು ಸಲ ತೆಗೆದ್ರೂ ನರದ ಪದರದ ಸರಾಸರಿ 4-5 ಮೈಕ್ರಾನ್ ಆಚೆ ಈಚೆ ಬರ್ಬಹುದು, ಅದು ಅಳತೆಯ ಗದ್ದಲ. ಅದ್ರ ಮೇಲೆ ವಯಸ್ಸಿಗೆ ವರ್ಷಕ್ಕೆ ಸುಮಾರು ಅರ್ಧ ಮೈಕ್ರಾನ್ ಎಲ್ರಿಗೂ ಕರಗತ್ತೆ. 92 ಇದ್ದಿದ್ದು 89 ಆದ್ರೆ ಕಥೆ ಏನೂ ಇಲ್ಲ, ಆದ್ರೆ 92, 89, 86, 82 ಅಂತ ಒಂದೇ ದಿಕ್ಕಿಗೆ ಹೋಗ್ತಿದ್ರೆ ಪ್ರತಿಯೊಂದೂ ಹಸಿರಿದ್ರೂ ಕೇಳ್ಬೇಕಾದ ವಿಷಯ. ಕಾಯಿಲೆ ತುಂಬಾ ಮುಂದುವರೆದ ಮೇಲೆ ಇದು ಕೆಲಸಕ್ಕೆ ಬರಲ್ಲ, 50 ಮೈಕ್ರಾನ್ ಸುತ್ತಮುತ್ತ ನಂಬರ್ ನಿಂತ್ಬಿಡತ್ತೆ, ಯಾಕಂದ್ರೆ ನರ ಹೋದ್ರೂ ಅಲ್ಲಿ ಬೇರೆ ಅಂಗಾಂಶ, ರಕ್ತನಾಳ ಉಳಿದಿರತ್ತೆ. ಓಸಿಟಿ ಸ್ಟೇಬಲ್ ಅಂತ ಬರತ್ತೆ, ದೃಷ್ಟಿ ಇಳೀತಾ ಇರತ್ತೆ, ಆ ಹಂತದಲ್ಲಿ ಫೀಲ್ಡ್ ಟೆಸ್ಟ್‌ನೇ ನಂಬಬೇಕು.

ನಾಲ್ಕನೇದು, ನಂಬರ್ ಒಂದೇ ಅಲ್ಲ, ಚಿತ್ರಾನೂ ನೋಡಿ. ಓಸಿಟಿಲಿ ನೀರು ಕಪ್ಪಗೆ ಕಾಣತ್ತೆ, ಪದರಗಳ ಒಳಗೆ ಗುಳ್ಳೆ ಥರ ಇರ್ಬಹುದು ಇಲ್ಲಾ ರೆಟಿನಾ ಕೆಳಗೆ ಶೇಖರ ಆಗಿರ್ಬಹುದು. ಇಂಜೆಕ್ಷನ್ ಆದ್ಮೇಲೆ ಆ ಕಪ್ಪು ಕಮ್ಮಿ ಆಗಿದ್ಯಾ ಅಂತ ಎರಡು ಚಿತ್ರ ಪಕ್ಕ ಇಟ್ರೆ ನಿಮಗೇ ಕಾಣತ್ತೆ. ಮೈಕ್ರಾನ್ ಇಳಿದ್ರೆ ಯಾವಾಗ್ಲೂ ಒಳ್ಳೇದು ಅಂತಾನೂ ಇಲ್ಲ, ತುಂಬಾ ದಿನ ಊದಿದ್ದ ಮ್ಯಾಕ್ಯುಲಾ ಕೊನೆಗೆ ಸವೆದು ತೆಳ್ಳಗಾಗಿ ನಾರ್ಮಲ್ ನಂಬರ್ ತೋರಿಸ್ಬಹುದು. "ಫೋಟೋರಿಸೆಪ್ಟರ್ ಗೆರೆ ಅಖಂಡ ಇದ್ಯಾ, ಮುರಿದಿದ್ಯಾ?" ಅಂತ ಡಾಕ್ಟರ್‌ನ ಕೇಳಿ, ಅದು ಬೆಳಕು ಹಿಡಿಯೋ ಕೋಶಗಳ ಪದರ, ನಂಬರ್ ಸರಿ ಇದ್ರೂ ದೃಷ್ಟಿ ಯಾಕೆ ಬಂದಿಲ್ಲ ಅನ್ನೋದಕ್ಕೆ ಎಷ್ಟೋ ಸಲ ಉತ್ತರ ಅಲ್ಲಿರತ್ತೆ.

7. ಎಷ್ಟು ದಿನಕ್ಕೊಮ್ಮೆ

ಶುಗರ್ ಇದ್ದು ರೆಟಿನಾ ಚೆನ್ನಾಗಿದ್ರೆ ವರ್ಷಕ್ಕೊಮ್ಮೆ, ಬದಲಾವಣೆ ಶುರುವಾಗಿದ್ರೆ ಇನ್ನೂ ಬೇಗ. ಮೊದಲೇ ಶುಗರ್ ಇದ್ದು ಬಸುರಿ ಆಗೋ ಯೋಚನೆ ಇರೋರು ಮುಂಚೆನೇ ತೋರಿಸ್ಕೊಳ್ಳಿ, ಇಲ್ಲಾಂದ್ರೆ ಮೊದಲ ಮೂರು ತಿಂಗಳಲ್ಲಿ, ಆ ಟೈಮಲ್ಲಿ ರೆಟಿನಾ ಬೇಗ ಹದಗೆಡಬಹುದು. ಇನ್ನೊಂದು ಅಷ್ಟಾಗಿ ಯಾರೂ ಹೇಳದ ವಿಷಯ, ವರ್ಷಾನುಗಟ್ಟಲೆ ಏರಿದ್ದ ಶುಗರ್‌ನ ಒಮ್ಮೆಲೇ ಇಳಿಸಿದಾಗ ರೆಟಿನಾ ಮೊದಮೊದಲು ಸ್ವಲ್ಪ ಕೆಡೋದುಂಟು, ದೀರ್ಘಕಾಲಕ್ಕೆ ಇಳಿಸೋದೇ ಒಳ್ಳೇದು, ಆದ್ರೆ ಆ ತಿಂಗಳುಗಳಲ್ಲಿ ಕಣ್ಣಿನ ಮೇಲೆ ನಿಗಾ ಜಾಸ್ತಿ ಇರ್ಲಿ. ಹೈಡ್ರಾಕ್ಸಿಕ್ಲೋರೋಕ್ವಿನ್‌ಗೆ 5 ವರ್ಷ ಆದ್ಮೇಲೆ ಪ್ರತಿ ವರ್ಷ, ಕಿಡ್ನಿ ತೊಂದರೆ ಇದ್ರೆ ಅಥವಾ ದೇಹದ ತೂಕಕ್ಕೆ ದಿನಕ್ಕೆ ಕೆಜಿಗೆ 5 ಮಿಲಿಗ್ರಾಂ ಮೀರಿದ್ರೆ ಅದಕ್ಕೂ ಮುಂಚೆ. ಇಂಜೆಕ್ಷನ್ ತಗೊಳ್ಳೋರಿಗೆ ಓಸಿಟಿ ನೋಡಿನೇ ಅಂತರ ಹೆಚ್ಚು ಕಡಿಮೆ ಮಾಡ್ತಾರೆ, ಚೆನ್ನಾಗಿ ಕಾಣ್ತಿದೆ ಅಂತ ನೀವೇ ಒಂದು ವಿಸಿಟ್ ಬಿಡಕ್ಕೆ ಹೋಗ್ಬೇಡಿ, ನೀರು ವಾಪಸ್ ಬಂದಿದ್ದು ಚಿತ್ರದಲ್ಲಿ ಮೊದಲು ಕಾಣತ್ತೆ, ಕಣ್ಣಿಗೆ ಆಮೇಲೆ.

ಕಂಪ್ಯೂಟರೇ ಫೋಟೋ ನೋಡಿ ಹೇಳೋ ಎಐ ಸ್ಕ್ರೀನಿಂಗ್ ಬಗ್ಗೆ ಕೇಳ್ತಾರೆ. 2018ರಲ್ಲಿ ಅಮೆರಿಕಾದ ಎಫ್‌ಡಿಎ ಡಾಕ್ಟರ್ ಓದದೇನೇ ಫಲಿತಾಂಶ ಕೊಡೋ ಐಡಿಎಕ್ಸ್-ಡಿಆರ್ ಅನ್ನೋದಕ್ಕೆ ಒಪ್ಪಿಗೆ ಕೊಡ್ತು. ಅದು ಹುಡುಕೋದು ಶುಗರ್‌ನ ರೆಟಿನಾ ತೊಂದರೆ ಒಂದನ್ನೇ. ನೆಗೆಟಿವ್ ಬಂತು ಅಂದ್ರೆ ಗ್ಲಾಕೋಮಾ ಇಲ್ಲ, ರೆಟಿನಾ ಅಂಚಲ್ಲಿ ತೂತಿಲ್ಲ ಅಂತ ಅರ್ಥ ಮಾಡ್ಕೋಬೇಡಿ.

8. ಎರಡು ಸ್ಕ್ಯಾನ್ ನಡುವೆ ಮನೇಲಿ

ಆಮ್ಸ್ಲರ್ ಗ್ರಿಡ್ ಅಂತ ಚೌಕುಳಿ ಚಾರ್ಟ್, ಮಧ್ಯೆ ಒಂದು ಚುಕ್ಕಿ. ಓದೋ ಕನ್ನಡಕ ಹಾಕ್ಕೊಂಡು 30 ಸೆಂಟಿಮೀಟರ್ ದೂರದಲ್ಲಿ ಹಿಡಿದು ಒಂದು ಕಣ್ಣು ಮುಚ್ಚಿ ಚುಕ್ಕಿನೇ ನೋಡಿ, ಆಮೇಲೆ ಇನ್ನೊಂದು ಕಣ್ಣು. ಎರಡೂ ತೆರೆದು ನೋಡಿದ್ರೆ ಒಳ್ಳೇ ಕಣ್ಣು ಕೆಟ್ಟದ್ದರ ತಪ್ಪು ಮುಚ್ಚಿಬಿಡತ್ತೆ, ಎಲ್ರೂ ತಡವಾಗಿ ಬರೋದು ಹೀಗೇನೇ. ಗೆರೆ ಅಲೆಯ ಥರ ಕಂಡ್ರೆ, ಚೌಕ ಮಾಯ ಆದ್ರೆ ತಕ್ಷಣ ಫೋನ್ ಮಾಡಿ.

9. ಫೈಲ್

ಪ್ರಿಂಟ್ ಸಾಕಾಗಲ್ಲ. ಚಿತ್ರಗಳ ಡಿಜಿಟಲ್ ಕಾಪಿ ಕೇಳಿ, ಡೈಕಾಮ್ ಅನ್ನೋ ಮೆಡಿಕಲ್ ಚಿತ್ರಗಳ ಫೈಲ್ ರೂಪದಲ್ಲಿ ಕೊಟ್ರೆ ಒಳ್ಳೇದು, ಇಲ್ಲಾಂದ್ರೆ ಒರಿಜಿನಲ್ ಸೈಜಿನ ಇಮೇಜ್ ಮತ್ತೆ ಪಿಡಿಎಫ್. ಪ್ರಿಂಟ್‌ನ ಮೊಬೈಲ್‌ನಲ್ಲಿ ಫೋಟೋ ಹೊಡೆದು ಇಟ್ಕೊಳ್ಳೋದು ನೆನಪಿಗೆ ಓಕೆ, ಬಣ್ಣ ಹೋಲಿಸಕ್ಕೆ ಪ್ರಯೋಜನ ಇಲ್ಲ. ಫೈಲ್ ಹೆಸರಲ್ಲಿ ವರ್ಷ ಮೊದಲು ಬರ್ಲಿ, ಆಮೇಲೆ ತಿಂಗಳು, ಕಣ್ಣು, ಸ್ಕ್ಯಾನ್ ಹೆಸರು, ತಾನಾಗೇ ಸಾಲಾಗಿ ನಿಲ್ತವೆ. ಜೊತೆಗೊಂದು ಹಾಳೆ, ಅದ್ರಲ್ಲಿ ತಾರೀಖು, ಮೆಷಿನ್ ಹೆಸರು, ಸಿಗ್ನಲ್, ಮುಖ್ಯ ನಂಬರ್, ಆ ದಿನದ ಚಾರ್ಟ್ ದೃಷ್ಟಿ, ಕಣ್ಣಿನ ಒತ್ತಡ, ಶುಗರ್ ಇದ್ರೆ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್) ಮತ್ತೆ ಬಿಪಿ, ಯಾವ ಇಂಜೆಕ್ಷನ್ ಯಾವ ಕಣ್ಣಿಗೆ ಅನ್ನೋದು. ಡಾಕ್ಟರ್ ಮುಂದೆ ಈ ಒಂದು ಹಾಳೆ ಇಟ್ರೆ ದಪ್ಪ ಫೈಲ್ ತಿರುವಿ ಹಾಕೋ ಹೊತ್ತು ಉಳಿಯತ್ತೆ, ಆ ಹೊತ್ತು ನಿಮ್ ಪ್ರಶ್ನೆಗೆ ಸಿಗತ್ತೆ.

ಆಸ್ಪತ್ರೆ ಬದಲಾಯಿಸೋರಿದ್ರೆ ಹೊರಡೋ ಮುಂಚೆನೇ ಕಾಪಿ ತಗೊಳ್ಳಿ. ಒಂದು ಕಂಪನಿ ಮೆಷಿನ್‌ನ ಡೇಟಾನ ಇನ್ನೊಂದರೊಳಗೆ ಹಾಕಿ ಫಾಲೋ ಅಪ್ ಓಡಿಸಕ್ಕೆ ಸಾಮಾನ್ಯವಾಗಿ ಆಗಲ್ಲ, ಅದಕ್ಕೆ ಹಳೇ ಕಡೆ ಕೊನೇ ಸ್ಕ್ಯಾನ್ ಮಾಡಿಸಿ ಕೆಲವೇ ವಾರದೊಳಗೆ ಹೊಸ ಕಡೆ ಬೇಸ್‌ಲೈನ್ ತೆಗೆಸ್ಕೊಳ್ಳಿ, ಅಷ್ಟರಲ್ಲಿ ಕಣ್ಣು ಹೆಚ್ಚೇನೂ ಬದಲಾಗಿರಲ್ಲ ಅನ್ನೋ ಲೆಕ್ಕದಲ್ಲಿ ಎರಡು ಮೆಷಿನ್ ನಡುವೆ ಎಷ್ಟು ಮೈಕ್ರಾನ್ ವ್ಯತ್ಯಾಸ ಅಂತ ಹೊಸ ಡಾಕ್ಟರ್‌ಗೆ ಒಂದು ಅಂದಾಜು ಸಿಗತ್ತೆ.